ಅಮೆರಿಕದ ಅತಿ ಶ್ರೀಮಂತರು ಇಷ್ಟು ಕಡಿಮೆ ತೆರಿಗೆ ಕಟ್ಟುವುದು ಹೇಗೆ?

ಅವರ ಬಹುಪಾಲು ಸಂಪತ್ತು ಷೇರುಗಳಲ್ಲಿದೆ. ಸಂಬಳಕ್ಕೆ ಶೇ 37ರವರೆಗೆ ಫೆಡರಲ್ ಆದಾಯ ತೆರಿಗೆ ಬೀಳುತ್ತದೆ. ಷೇರಿನ ಬೆಲೆ ಎಷ್ಟೇ ಏರಿದರೂ ಮಾರುವವರೆಗೆ ಒಂದು ಡಾಲರ್ ತೆರಿಗೆಯೂ ಇಲ್ಲ. ಹಾಗಾಗಿ ಮಾರುವುದೇ ಇಲ್ಲ. ನೂರು ಕೋಟಿ ಡಾಲರ್ ಷೇರು ಇರುವವರು ಅದನ್ನು ಅಡವಿಟ್ಟು ಐದು ಕೋಟಿ ಸಾಲ ಪಡೆದು ಬಂಗಲೆ ಕೊಳ್ಳುತ್ತಾರೆ. ಸಾಲವನ್ನು ಆದಾಯವೆಂದು ಎಣಿಸುವುದಿಲ್ಲವಲ್ಲ! ಅವರು ತೀರಿಕೊಂಡಾಗ ಅಂದಿನ ಮಾರುಕಟ್ಟೆ ಬೆಲೆಯನ್ನೇ ವಾರಸುದಾರರ ಖರೀದಿ ಬೆಲೆ ಎಂದು ಹಿಡಿಯುತ್ತಾರೆ. ಹತ್ತಾರು ವರ್ಷಗಳ ಗಳಿಕೆ ಆದಾಯ ತೆರಿಗೆಯ ಲೆಕ್ಕದಿಂದಲೇ ಅಳಿಸಿಹೋಗುತ್ತದೆ. ನನ್ನನ್ನು ಹೆಚ್ಚು ಕೆರಳಿಸುವುದು ಇದೇ. (ತೀರಿಕೊಂಡವರ ಆಸ್ತಿಯ ಮೇಲೆ ಬೀಳುವ ಎಸ್ಟೇಟ್ ತೆರಿಗೆ ಬೇರೆ ಇದೆ; ಟ್ರಸ್ಟ್‌ಗಳ ಮೂಲಕ ಅದನ್ನೂ ತಗ್ಗಿಸಿಕೊಳ್ಳುತ್ತಾರೆ.)

ಇದನ್ನು ತಿದ್ದಬೇಕಾದವರು ಸಂಸದರು. ಆದರೆ ಅಲ್ಲಿನ ಸುಪ್ರೀಂ ಕೋರ್ಟಿನ 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು ಮತ್ತು ಅದರ ಬೆನ್ನಿಗೇ ಬಂದ ಇನ್ನೊಂದು ತೀರ್ಪಿನ ನಂತರ, ಅವರ ಚುನಾವಣೆಗಳಲ್ಲಿ ಪ್ರಚಾರ ನಡೆಸುವ ‘ಸೂಪರ್ ಪ್ಯಾಕ್’ಗಳಿಗೆ ಇದೇ ಶ್ರೀಮಂತರು ಮಿತಿಯಿಲ್ಲದೆ ಹಣ ಸುರಿಯಬಹುದು.