ಹೀಟರ್ ಪೂರ್ತಿ ಆರಿಸಬೇಡಿ
ಹತ್ತು ದಿನ ಮನೆಯಲ್ಲಿರುವುದಿಲ್ಲ, ಮನೆ ಬೆಚ್ಚಗಿಡುವ ಹೀಟರ್ ಆರಿಸಿ ಹೋದರೆ ನೀರಿನ ಪೈಪು ಒಡೆಯುತ್ತದೆಯೇ ಎಂದು ಕೇಳಿದ್ದೀರಿ. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ಒಡೆಯಬಹುದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ ಪೈಪು ಸೀಳುತ್ತದೆ. ಸೋರಿಕೆ ಕಾಣುವುದು ಮಾತ್ರ ಗಡ್ಡೆ ಕರಗಿದ ಮೇಲೆ, ಅಷ್ಟರಲ್ಲಿ ನೀವು ದೂರದಲ್ಲಿರುತ್ತೀರಿ!

ಹೀಟರನ್ನು 13 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿಡಿ, ಸಾಕು. ಹೊರಡುವ ಮುನ್ನ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಸಿದುಬಿಡಿ. (ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಇದ್ದರೆ ಮೊದಲು ಅದನ್ನು ಬಲ್ಲವರನ್ನು ಕೇಳಿ.) ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದೇ ಇರಲಿ, ಹೊರಗೋಡೆಗೆ ಅಂಟಿದ ಪೈಪಿಗೆ ಕೋಣೆಯ ಬಿಸಿ ತಾಗುತ್ತದೆ. ತೋಟದ ನಲ್ಲಿಯಿಂದ ಹೋಸ್ ಬಿಚ್ಚಿಡಿ. ನಾನೊಮ್ಮೆ ಮರೆತು, ಗೋಡೆಯೊಳಗಿನ ಪೈಪನ್ನೇ ಬದಲಿಸಬೇಕಾಯಿತು.