ಮಷೀನ್ ಶಾಪ್ ಇನ್‌ಸ್ಪೆಕ್ಟರ್ ಆಗಿ 60ಕ್ಕೆ ರಿಟೈರ್ ಆಗಿದ್ದೇನೆ. ವಾರಕ್ಕೆ ಎರಡು ಮೂರು ದಿನದ ಕೆಲಸ ಸಿಗುತ್ತದೆಯೇ?

ಬೆಂಗಳೂರಲ್ಲಿದ್ದೀರಿ, ಪಿ.ಎಫ್. ಪಿಂಚಣಿ ಸಾಲದು, ಎರಡು ಏಜೆನ್ಸಿಗೆ ರೆಸ್ಯೂಮೆ ಕೊಟ್ಟರೂ ಫೋನ್ ಬಂದಿಲ್ಲ ಎಂದು ಬರೆದಿದ್ದೀರಿ. ಪಿಂಚಣಿ ಸಾಲದಿರುವುದು ಸಹಜ. 15,000 ರೂಪಾಯಿ ಸಂಬಳದ ಮಿತಿಯಲ್ಲಿ 35 ವರ್ಷದ ಸರ್ವಿಸ್ ಹಿಡಿದರೂ ಲೆಕ್ಕ ಬರುವುದು ತಿಂಗಳಿಗೆ 7,500. ಏಜೆನ್ಸಿಯಿಂದ ಫೋನ್ ಬರುವುದೂ ಅನುಮಾನವೇ, ಅವರು ಹುಡುಕುವುದು ಮೂರು ಪಾಳಿಗೂ ನಿಲ್ಲುವ ಹುಡುಗರನ್ನು.

ನಿಮ್ಮ ಗಿರಾಕಿಗಳು ಬೇರೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ಮೂರು ನಾಲ್ಕು ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಮಷೀನ್ ಓಡಿಸುವ ಓನರ್‌ಗಳು. ಕ್ವಾಲಿಟಿ ಮ್ಯಾನೇಜರನ್ನು ತಿಂಗಳ ಸಂಬಳಕ್ಕೆ ಇಡುವ ಶಕ್ತಿ ಅವರಿಗಿಲ್ಲ, ಆದರೆ ಅವರ ಕಸ್ಟಮರ್ ಕೇಳುವ ಕಾಗದಪತ್ರ ದೊಡ್ಡ ಕಂಪನಿಗೆ ಕೇಳುವಷ್ಟೇ. ಹಾಗಾಗಿ 'ಕೆಲಸ ಇದೆಯಾ ಸರ್' ಎಂದು ಹೋಗಬೇಡಿ. ಇಂಥ ಕೆಲಸ, ಇಷ್ಟು ದಿನ, ಇಷ್ಟು ದುಡ್ಡು ಎಂದು ಹೇಳಿಕೊಂಡು ಹೋಗಿ. ಅಂಥ ಶಾಪ್‌ಗಳಲ್ಲಿ ನಿಮಗೆ ಹೊಂದುವ ಕೆಲಸ ಮುಖ್ಯವಾಗಿ ಮೂರು.

ಒಳಗೆ ಕಾಲಿಡುವುದಕ್ಕೆ ಸುಲಭವಾದದ್ದು ಕ್ಯಾಲಿಬ್ರೇಷನ್, ಅಂದರೆ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡುವುದು. ಶಾಪ್‌ನಲ್ಲಿರುವ ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ಪ್ಲಗ್ ಗೇಜ್, ಡಯಲ್, ಹೈಟ್ ಗೇಜ್ ಎಲ್ಲವನ್ನೂ ಒಂದು ಪಟ್ಟಿಗೆ ತನ್ನಿ: ಐ.ಡಿ. ನಂಬರ್, ರೇಂಜ್, ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ), ಕೊನೆಯ ಸರ್ಟಿಫಿಕೇಟ್ ದಿನಾಂಕ, ಮುಂದಿನ ಡ್ಯೂ. ಅರ್ಧಕ್ಕೆ ನಂಬರೇ ಇರುವುದಿಲ್ಲ, ಕೆಲವನ್ನು ಮಷೀನ್ ಸೆಟ್ಟರ್‌ಗಳು ಪೀಸ್ ಹಿಡಿಯುವ ಸಿ-ಕ್ಲ್ಯಾಂಪ್‌ನಂತೆ ಬಳಸುತ್ತಿರುತ್ತಾರೆ. ಸರ್ಟಿಫಿಕೇಟ್‌ಗೆ ಎನ್.ಎ.ಬಿ.ಎಲ್. (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೇ ಕಳಿಸಬೇಕು. ನಡುವಿನ ತಿಂಗಳುಗಳ ಚೆಕ್ ಮಾತ್ರ ಸ್ಲಿಪ್ ಗೇಜ್ (ನಿಖರ ಅಳತೆಯ ಲೋಹದ ತುಂಡು) ಇಟ್ಟುಕೊಂಡು ನೀವೇ ಮಾಡಬಹುದು. 0–25 ಮಿ.ಮೀ. ಮೈಕ್ರೋಮೀಟರನ್ನು 5, 10, 15, 20ರಲ್ಲಿ ನೋಡಿ ಓಕೆ ಬರೆಯುವ ಅಭ್ಯಾಸ ಎಲ್ಲ ಕಡೆ ಇದೆ. ಅದು ತಪ್ಪು. ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 0.5 ಮಿ.ಮೀ. ಆದ್ದರಿಂದ ಆ ಅಳತೆಗಳಲ್ಲೆಲ್ಲ ಥಿಂಬಲ್ (ಗುರುತುಗಳಿರುವ ತಿರುಗುವ ಭಾಗ) ಸೊನ್ನೆಯ ಮೇಲೇ ನಿಲ್ಲುತ್ತದೆ, ಸುತ್ತಿನ ನಡುವಿನ ದೋಷ ಕಾಣುವುದೇ ಇಲ್ಲ. 2.5, 5.1, 7.7, 10.3, 12.9, 15, 17.6, 20.2, 22.8, 25 ಹೀಗೆ ನೋಡಬೇಕು. ಇದನ್ನು ಓನರ್ ಎದುರಿಗೇ ಮಾಡಿ ತೋರಿಸಿ, ಬಯೋಡೇಟಾಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಎರಡನೆಯದು ಗೇಜ್ ಆರ್ ಅಂಡ್ ಆರ್, ಅಂದರೆ ಒಂದೇ ಪೀಸನ್ನು ಮತ್ತೆ ಮತ್ತೆ, ಬೇರೆ ಬೇರೆಯವರು ಅಳೆದಾಗ ಅಳತೆ ಎಷ್ಟು ಬದಲಾಗುತ್ತದೆ ಎಂಬ ಪರೀಕ್ಷೆ. 10 ಪೀಸ್, 3 ಆಪರೇಟರ್, 3 ಸಲ, ಒಟ್ಟು 90 ರೀಡಿಂಗ್, ಒಂದು ದಿನದ ಕೆಲಸ. ಒಟ್ಟು ವ್ಯತ್ಯಾಸದಲ್ಲಿ ಅಳತೆಯಿಂದ ಬಂದ ಪಾಲು ಶೇ. 10ರೊಳಗೆ ಬಂದರೆ ಚೆನ್ನ, 30 ದಾಟಿದರೆ ಆ ಅಳತೆಯ ವಿಧಾನವನ್ನೇ ಬದಲಿಸಬೇಕು. ಈ ಸ್ಟಡಿ ಹಾಳಾಗುವುದು ಎರಡು ಕಾರಣಕ್ಕೆ. ಹತ್ತೂ ಪೀಸನ್ನು ಒಂದೇ ಟ್ರೇಯಿಂದ ಸಾಲಾಗಿ ಎತ್ತಿದರೆ ಪೀಸುಗಳ ನಡುವೆ ವ್ಯತ್ಯಾಸವೇ ಇರದೆ ಶೇಕಡಾವಾರು ಸುಮ್ಮನೆ ಮೇಲೇರುತ್ತದೆ. ಬೇರೆ ಬೇರೆ ದಿನದ, ಬೇರೆ ಬೇರೆ ಪಾಳಿಯ ಪೀಸ್ ತೆಗೆಯಿರಿ. ಇನ್ನೊಂದು, ಮೊದಲ ಆಪರೇಟರ್ ಬರೆದದ್ದು ಎರಡನೆಯವನ ಕಣ್ಣಿಗೆ ಬೀಳಬಾರದು. ಇದನ್ನು ಶುರುಮಾಡುವ ಮೊದಲೇ ಲೀಸ್ಟ್ ಕೌಂಟ್ ನೋಡಿಕೊಳ್ಳಿ: 0.05 ಟಾಲರೆನ್ಸ್ (ಒಪ್ಪುವ ವ್ಯತ್ಯಾಸ) ಇರುವ ಬೋರನ್ನು 0.02 ವರ್ನಿಯರ್‌ನಲ್ಲಿ ಅಳೆಯುತ್ತಿದ್ದರೆ ಸ್ಟಡಿ ಮಾಡಿ ಪ್ರಯೋಜನವಿಲ್ಲ. ಲೀಸ್ಟ್ ಕೌಂಟ್ ಟಾಲರೆನ್ಸಿನ ಹತ್ತನೇ ಒಂದು ಭಾಗ ಇರಬೇಕು.

ಹೆಚ್ಚು ದುಡ್ಡು ಬರುವುದು ಪಿ.ಪಿ.ಎ.ಪಿ. ಫೈಲ್‌ನಿಂದ, ಅಂದರೆ ಆಟೋ ಕಂಪನಿಗಳಿಗೆ ಹೊಸ ಪಾರ್ಟ್ ಶುರುವಾಗುವ ಮೊದಲು ಕೊಡುವ 18 ಅಂಶಗಳ ಫೈಲ್. ಅದು ವಾಪಸ್ ಬರುವುದು ಬಹುಮಟ್ಟಿಗೆ ಸಣ್ಣ ಕಾರಣಕ್ಕೆ: ಬಲೂನ್ ಡ್ರಾಯಿಂಗ್‌ನಲ್ಲಿ (ಪ್ರತಿ ಅಳತೆಗೂ ವೃತ್ತದೊಳಗೆ ನಂಬರ್ ಹಾಕಿದ್ದು) 42 ಬಲೂನ್ ಇದ್ದರೆ ರಿಪೋರ್ಟ್‌ನಲ್ಲಿ 40 ಸಾಲು, ಪ್ರೋಸೆಸ್ ಫ್ಲೋ, ಎಫ್.ಎಂ.ಇ.ಎ. (ಎಲ್ಲಿ ಏನು ತಪ್ಪಬಹುದು ಎಂಬ ಪಟ್ಟಿ), ಕಂಟ್ರೋಲ್ ಪ್ಲಾನ್ ಮೂರರಲ್ಲೂ ಆಪರೇಷನ್ ನಂಬರ್ ಬೇರೆ ಬೇರೆ, ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್‌ನ ಹೀಟ್ ನಂಬರಿಗೂ (ಲೋಹ ಕರಗಿಸಿದ ಬ್ಯಾಚಿನ ನಂಬರ್) ಪೀಸಿಗೂ ಸಂಬಂಧವಿಲ್ಲ. ಎಕ್ಸೆಲ್ ಬಾರದಿದ್ದರೆ ಮೊದಲು ಅದನ್ನು ಕಲಿಯಿರಿ. ಐದು ದಿನದ ಕ್ವಾಲಿಟಿ ಲೀಡ್ ಆಡಿಟರ್ ಕೋರ್ಸಿಗೆ ಈಗಲೇ ದುಡ್ಡು ಸುರಿಯುವುದು ಬೇಡ, ಇಂಟರ್ನಲ್ ಆಡಿಟರ್ ಸರ್ಟಿಫಿಕೇಟ್ ಇದ್ದರೆ ಆರಂಭಕ್ಕೆ ಸಾಕು.

ಓನರ್‌ಗಳನ್ನು ಹಿಡಿಯುವುದು ಹೇಗೆ? ನಿಮ್ಮ ಹಳೆಯ ಕಂಪನಿಗೆ ಜಾಬ್ ವರ್ಕ್ ಮಾಡುತ್ತಿದ್ದವರಿಂದ ಶುರುಮಾಡಿ, ಅವರ ರಿಜೆಕ್ಷನ್ ನೋಡಿದವರು ನೀವೇ ಅಲ್ಲವೇ. ಹಳೆಯ ಕಂಪನಿಯ ಡ್ರಾಯಿಂಗ್, ಫಾರ್ಮ್ಯಾಟ್ ಮಾತ್ರ ಪೆನ್‌ಡ್ರೈವ್‌ನಲ್ಲಿ ತರಬೇಡಿ. ವಿಜಯನಗರದ ಕಾಸಿಯಾ (ಸಣ್ಣ ಕೈಗಾರಿಕೆಗಳ ರಾಜ್ಯ ಸಂಘ) ಮತ್ತು ಪೀಣ್ಯ ಕೈಗಾರಿಕಾ ಸಂಘದ ಕಾರ್ಯಕ್ರಮಗಳಿಗೆ ಹೋದರೆ ಓನರ್‌ಗಳೇ ಎದುರಿಗೆ ಸಿಗುತ್ತಾರೆ. ಪಾಠ ಹೇಳುವ ಮನಸ್ಸಿದ್ದರೆ ಜಿ.ಟಿ.ಟಿ.ಸಿ., ಎನ್.ಟಿ.ಟಿ.ಎಫ್. ಥರದ ತಾಂತ್ರಿಕ ತರಬೇತಿ ಸಂಸ್ಥೆಗಳಲ್ಲಿ ಮೆಟ್ರಾಲಜಿಗೆ (ಅಳತೆಯ ಶಾಸ್ತ್ರಕ್ಕೆ) ಗೆಸ್ಟ್ ಫ್ಯಾಕಲ್ಟಿ ಬೇಕೇ ಎಂದು ವಿಚಾರಿಸಿ.

ದರಕ್ಕೆ ನನ್ನ ಲೆಕ್ಕ ಹೀಗೆ: ಕೊನೆಯ ಗ್ರಾಸ್ ಸಂಬಳವನ್ನು 26ರಿಂದ ಭಾಗಿಸಿ, ಅದರ ಒಂದೂವರೆ ಪಟ್ಟು ಕೇಳಿ. 52,000 ಇದ್ದರೆ ದಿನಕ್ಕೆ 3,000. ರಜೆ, ಬೋನಸ್, ಗ್ರಾಚ್ಯುಯಿಟಿ ಯಾವುದೂ ಇಲ್ಲದ್ದಕ್ಕೆ ಅಷ್ಟಾದರೂ ಬೇಕು. ದಿನ, ಕೆಲಸ, ದರವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮೂರನೇ ವಾರದಿಂದ ಡಿಸ್‌ಪ್ಯಾಚ್, ಮೆಟೀರಿಯಲ್ ಖರೀದಿ ಎಲ್ಲ ನಿಮ್ಮ ತಲೆಗೇ ಬರುತ್ತದೆ.

ದುಡ್ಡು ತಡವಾಗುವುದು ಈ ಲೈನಿನ ದೊಡ್ಡ ರೋಗ. ಆಧಾರ್, ಪ್ಯಾನ್ ಇಟ್ಟುಕೊಂಡು ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ವಿಭಾಗದ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿ. ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಹಾಕಿ. ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಅವರು ಹಣ ಕೊಡಬೇಕು. ಗಡುವು ಮೀರಿದ ಬಾಕಿ ಮಾರ್ಚ್ 31 ದಾಟಿದರೆ ಓನರ್ ಅದನ್ನು ಆ ವರ್ಷದ ಖರ್ಚಿಗೆ ಹಾಕಿಕೊಳ್ಳುವಂತಿಲ್ಲ, ಇದನ್ನು ಅವರ ಆಡಿಟರೇ ಅವರಿಗೆ ನೆನಪಿಸುತ್ತಾರೆ.

ಒಬ್ಬ ಗಿರಾಕಿಯಿಂದ ವರ್ಷಕ್ಕೆ 50,000 ದಾಟಿದರೆ ಸಾಮಾನ್ಯವಾಗಿ ಶೇ. 10 ಟಿ.ಡಿ.ಎಸ್. ಹಿಡಿಯುತ್ತಾರೆ. ತಾಂತ್ರಿಕ ಸಲಹೆಯ ಆದಾಯವಾದ್ದರಿಂದ ಬಂದದ್ದರ ಅರ್ಧವನ್ನು ಲಾಭವೆಂದು ತೋರಿಸಿ ಐ.ಟಿ.ಆರ್.-4 ಸಲ್ಲಿಸಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗಿದ್ದರೆ ಹಿಡಿದದ್ದು ವಾಪಸ್ ಬರುತ್ತದೆ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿ.ಎಸ್.ಟಿ. ಗೊಡವೆ ಇಲ್ಲ.

ಇನ್ನೊಂದು ವಿಷಯ. ತಿಂಗಳ ಕೊನೆಗೆ ಲಾರಿ ಗೇಟಿನಲ್ಲಿ ನಿಂತಿರುವಾಗ, ನೀವು ಅಳೆಯದ ಲಾಟಿನ ಇನ್‌ಸ್ಪೆಕ್ಷನ್ ರಿಪೋರ್ಟಿಗೆ 'ಒಂದು ಸಹಿ ಹಾಕಿಬಿಡಿ ಸರ್' ಎಂದು ಕೇಳುತ್ತಾರೆ. ಹಾಕಬೇಡಿ. 'ನಾನು ಅಳೆದ ಪೀಸಿಗೆ ಮಾತ್ರ ನನ್ನ ಸಹಿ' ಎಂಬ ಸಾಲನ್ನು ಮೊದಲ ದಿನದ ಆ ಹಾಳೆಯಲ್ಲೇ ಸೇರಿಸಿರಿ. ಅದಕ್ಕೆ ಒಪ್ಪದ ಓನರ್ ಹತ್ತಿರ ಕೆಲಸ ಹಿಡಿಯಬೇಡಿ.