ಸಾರೆನ್ ಕೈಗೊಂಬೆಯೇ ಇರಲಿ, ನನ್ನ ಓಟು ಅವನಿಗೇ

ಕೋಟೆನಾಡಿನ ರೆನೆಗೇಡ್ ಅವರಿಗೆ,

ನಮಸ್ಕಾರ. ಹೆಸರು ಹಾಕಬೇಡಿ, ಈ ಸಹಿ ಸಾಕು ಅಂದಿದ್ದೀರಿ, ಹಾಗೇ ಆಗಲಿ. ಚಿತ್ರದುರ್ಗದಿಂದ ಬಂದ ನಿಮ್ಮ ಪತ್ರ ಹಾಳೆಯ ಎರಡೂ ಮಗ್ಗುಲು ತುಂಬಿ, ಜಾಗ ಸಾಲದೆ ಅಂಚಿಗೂ ಹತ್ತಿದೆ. ಪೂರ್ತಿ ಅಚ್ಚು ಹಾಕಿದರೆ ಅಡುಗೆ ಪುಟ ತೆಗೆಯಬೇಕಾಗುತ್ತೆ, ಆಮೇಲೆ ಬರೋ ಪತ್ರಗಳಿಗೆ ಉತ್ತರ ಕೊಡುವ ಧೈರ್ಯ ನನಗಿಲ್ಲ. ಹಾಗಾಗಿ ಉಳಿದ ಓದುಗರಿಗೆ ನಾನೇ ಸಾರ ಹೇಳಿಬಿಡುತ್ತೇನೆ.

ಹೋದ ಸಂಚಿಕೆಯಲ್ಲಿ 'ಮಾಸ್ ಎಫೆಕ್ಟ್' ಗೇಮ್ ಬಗ್ಗೆ ಬರೆಯುತ್ತಾ, ಮೂರು ಭಾಗ ಜಾಲಾಡಿದರೂ ಸಾರೆನ್‌ನಂಥ ವಿಲನ್ ಇನ್ನೊಬ್ಬ ಸಿಗಲ್ಲ ಅಂದಿದ್ದೆ. ನಿಮಗೆ ಅದು ಸ್ವಲ್ಪವೂ ಸರಿಬಂದಿಲ್ಲ. ಅವನು ಬರೀ ಕೈಗೊಂಬೆ, ನಿಜವಾದ ವಿಲನ್ ಸರ್ಬರಸ್ ಅನ್ನೋ ಗುಟ್ಟಿನ ಸಂಘಟನೆಯ ಮುಖ್ಯಸ್ಥ ಇಲ್ಯೂಸಿವ್ ಮ್ಯಾನ್ ಅಂತೀರಿ. ಮೂರನೇ ಭಾಗದ ಕೊನೆ ನೋಡಿದ ಮೇಲೆ ಮೊದಲನೇ ಭಾಗದ ಕಥೆಗೇ ಅರ್ಥ ಇಲ್ಲ ಅಂತೀರಿ. ನಾಯಕನ ಸಂಗಡಿಗರಲ್ಲಿ ವಿಜ್ಞಾನಿ ಮೋರ್ಡಿನ್‌ನನ್ನು ಹೊಗಳಿ, ಗುರಿಕಾರ ಗ್ಯಾರಸ್‌ನನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ ಅಂತೀರಿ.

ಇದೇ ಲೇಖನಕ್ಕೆ ದಾವಣಗೆರೆಯ ಒಬ್ಬ ಹಿರಿಯ ಓದುಗರು ಇನ್ನೊಂದು ತರಹ ಬೇಜಾರಾಗಿದ್ದಾರೆ. ಮೆಕ್ಕೆಜೋಳದ ರೇಟು ಬರೆಯೋ ಪತ್ರಿಕೆಗೆ ಬಾಹ್ಯಾಕಾಶದ ಆಟ ಯಾಕೆ ಅಂತ ಅವರ ಪ್ರಶ್ನೆ. ಸರ್, 2023ರ ಏಪ್ರಿಲ್ 2ರಂದು ಇಸ್ರೋದವರು ತಮ್ಮ ರೆಕ್ಕೆಯ ರಾಕೆಟ್ಟಿನ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತನ್ನಷ್ಟಕ್ಕೆ ತಾನೇ ರನ್‌ವೇಗೆ ಬಂದು ಇಳಿದಿದ್ದು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲೇ. ಬಾಹ್ಯಾಕಾಶ ನಮಗೆ ಅಷ್ಟೇನೂ ದೂರ ಇಲ್ಲ. ಜೋಳದ ರೇಟು ಎಂದಿನಂತೆ ಕೊನೇ ಪುಟದಲ್ಲಿದೆ.

ಗೇಮ್ ಆಡದವರಿಗೆ ಎರಡು ಮಾತು. ಕೆನಡಾದ ಬಯೋವೇರ್ ಮಾಡಿದ ರೋಲ್ ಪ್ಲೇಯಿಂಗ್ ಗೇಮ್ ಇದು, 2007, 2010 ಮತ್ತು 2012ರಲ್ಲಿ ಮೂರು ಭಾಗ ಬಂತು. ನೀವು ಕಮಾಂಡರ್ ಶೆಪರ್ಡ್, ಒರಟು ದಾರಿ ಹಿಡಿದರೆ ರೆನೆಗೇಡ್ ಅನ್ನಿಸಿಕೊಳ್ತೀರಿ. ಮೊದಲ ಭಾಗದಲ್ಲಿ ತೆಗೆದುಕೊಂಡ ನಿರ್ಧಾರ ಮೂರನೆಯದರ ತನಕ ಬೆನ್ನು ಬಿಡಲ್ಲ. ರೀಪರ್ ಅನ್ನೋ ದೈತ್ಯ ಯಂತ್ರ-ಹಡಗುಗಳು 50,000 ವರ್ಷಕ್ಕೊಮ್ಮೆ ಬಂದು, ಬುದ್ಧಿ ಬೆಳೆದ ಜೀವಿಗಳನ್ನೆಲ್ಲ ಕೊಯ್ಲು ಮಾಡಿಕೊಂಡು ಹೋಗುತ್ತವೆ. ಸಾರೆನ್ ಟ್ಯೂರಿಯನ್ ಜನಾಂಗದವನು, ಸ್ಪೆಕ್ಟರ್, ಅಂದರೆ ಗ್ಯಾಲಕ್ಸಿಯ ಕೌನ್ಸಿಲ್‌ನ ವಿಶೇಷ ಏಜೆಂಟ್. ಅವನು ಸಾವ್ರಿನ್ ಅನ್ನೋ ರೀಪರ್ ಜತೆ ಸೇರಿಕೊಂಡಿದ್ದಾನೆ.

ಈಗ ಕೈಗೊಂಬೆ ವಿಷಯ. ವರ್ಮೈರ್ ಗ್ರಹದಲ್ಲಿ ಸಾರೆನ್‌ನ ಅಡ್ಡೆಗೆ ನುಗ್ಗುತ್ತೀವಲ್ಲ, ಅಲ್ಲಿ ಎಲ್ಲರಿಗೂ ನೆನಪಿರೋದು ಸಂಗಡಿಗರಲ್ಲಿ ಉಳಿಸೋದು ಆಶ್ಲಿನೋ ಕೈಡನ್ನೋ ಅನ್ನುವ ಆಯ್ಕೆ. ಅದಕ್ಕೂ ಮುಂಚೆ ಒಂದು ಲ್ಯಾಬ್ ಬರುತ್ತೆ, ಬಂದೂಕು ಹಿಡಿದು ಓಡೋ ಭರದಲ್ಲಿ ಜಾಸ್ತಿ ಜನ ಗಮನಿಸಲ್ಲ. ಸಾವ್ರಿನ್ ಹತ್ತಿರ ಇದ್ದವರ ತಲೆ ಹೇಗೆ ಕೆಡುತ್ತೆ, ಎಷ್ಟು ಬೇಗ ಕೆಡುತ್ತೆ ಅಂತ ಅಲ್ಲಿ ಸೆರೆಯಾಳುಗಳ ಮೇಲೆ ಪ್ರಯೋಗ ನಡೆಯುತ್ತಿರುತ್ತೆ. ಅದನ್ನು ಕಟ್ಟಿಸಿದ್ದು ಸಾರೆನ್. ಯಾಕೆ? ತನ್ನ ತಲೆಯೂ ಕೆಡ್ತಿದೆಯಾ ಅಂತ ಅವನಿಗೆ ಅನುಮಾನ. ಯಜಮಾನನ ಕಣ್ಣೆದುರೇ, ಯಜಮಾನ ತನಗೇನು ಮಾಡ್ತಿದ್ದಾನೆ ಅಂತ ಗುಟ್ಟಾಗಿ ಪರೀಕ್ಷೆ ಮಾಡಿಸುವವನನ್ನು ಬರೀ ಕೈಗೊಂಬೆ ಅಂತ ನನಗೆ ಹೇಳೋಕಾಗಲ್ಲ. ಅವನ ಲೆಕ್ಕವೂ ಹುಚ್ಚರ ಲೆಕ್ಕ ಅಲ್ಲ. ಹಿಂದಿನ ಸುತ್ತಿನಲ್ಲಿ ಪ್ರೋಥಿಯನ್ನರು ಕಾದಾಡಿದರು, ಹೆಸರಿಲ್ಲದಂತಾದರು. ನಾವು ಶರಣಾಗಿ ಉಪಯೋಗಕ್ಕೆ ಬಂದರೆ ಕೆಲವರಾದರೂ ಉಳೀತೀವಿ ಅನ್ನೋದು ಅವನ ವಾದ. ಮೊದಲ ಸಲ ಕೇಳಿದಾಗ ಶೆಪರ್ಡ್ ಕೊಡೋ ಉತ್ತರಕ್ಕಿಂತ ಇದೇ ಗಟ್ಟಿ ಅನ್ನಿಸುತ್ತೆ, ನಿಜ ಹೇಳಿ.

ಕೊನೆಗೆ ಸಿಟಡೆಲ್‌ನಲ್ಲಿ ಅವನು ಎದುರಾಗೋ ಹೊತ್ತಿಗೆ ಮೈಯೊಳಗೆ ಸಾವ್ರಿನ್ ತುರುಕಿದ ಯಂತ್ರಗಳಿರುತ್ತವೆ. ಅಷ್ಟಾದರೂ ಮಾತಿನಲ್ಲೇ ಅವನನ್ನು ಒಪ್ಪಿಸಬಹುದು. ಒಂದು ಗಳಿಗೆ ತಿಳಿಯಾಗ್ತಾನೆ, ಪಿಸ್ತೂಲನ್ನು ತನ್ನ ತಲೆಗೇ ಇಟ್ಟುಕೊಳ್ತಾನೆ. ಹೆಣ ಕೆಳಗೆ ಬಿದ್ದ ಮೇಲೆ ಸಾವ್ರಿನ್ ಅದರೊಳಗೆ ಹೊಕ್ಕು ಕಾದಾಡುತ್ತಲ್ಲ, ಅದು ಮಾತ್ರ ಕೈಗೊಂಬೆ. ಎರಡರ ನಡುವಿನ ವ್ಯತ್ಯಾಸವನ್ನು ಗೇಮೇ ನಮಗೆ ತೋರಿಸಿಬಿಟ್ಟಿದೆ.

ಇಲ್ಯೂಸಿವ್ ಮ್ಯಾನ್ ಬಗ್ಗೆ ನನಗೇನೂ ದ್ವೇಷ ಇಲ್ಲ. ಸಾಯುತ್ತಿರೋ ನಕ್ಷತ್ರದ ಮುಂದೆ ಕುರ್ಚಿ, ಬೆರಳ ಸಂದಿಯಲ್ಲಿ ಸಿಗರೇಟು, ಮಾರ್ಟಿನ್ ಶೀನ್ ದನಿ: ಎರಡನೇ ಭಾಗದಲ್ಲಿ ಅವನು ಬಂದಾಗಲೆಲ್ಲ ನಾನೂ ಕಿವಿ ನಿಮಿರಿಸಿ ಕೂತಿದ್ದೇನೆ. ಆದರೆ ಮೂರನೇ ಭಾಗದಲ್ಲಿ ಅವನನ್ನು ಏನು ಮಾಡಿದರು ನೋಡಿ. ರೀಪರ್‌ಗಳನ್ನು ಹತೋಟಿಗೆ ತಗೋತೀನಿ ಅಂದುಕೊಂಡು ತಾನೇ ಅವುಗಳ ಹತೋಟಿಗೆ ಬಿದ್ದ. ಮೈಗೆಲ್ಲ ಯಂತ್ರ ಹಾಕಿಸಿಕೊಂಡ. ಕೊನೆಗೆ ಶೆಪರ್ಡ್ ಮಾತು ಕೇಳಿ ತನ್ನ ತಲೆಗೆ ತಾನೇ ಗುಂಡು ಹೊಡೆದುಕೊಂಡ, ಅದೂ ಸಿಟಡೆಲ್‌ನಲ್ಲೇ. ಎಲ್ಲೋ ಕೇಳಿದಂಗಿದೆ ಅಲ್ವಾ? ನಿಮ್ಮ ವಿಲನ್‌ಗೆ ದೊಡ್ಡ ಸಾವು ಬೇಕಾದಾಗ ಬಯೋವೇರ್‌ನವರು ನನ್ನ ವಿಲನ್ ಹತ್ತಿರ ಸಾಲ ತಗೊಂಡಿದ್ದಾರೆ.

ಇಲ್ಯೂಸಿವ್ ಮ್ಯಾನ್‌ನ ಬಾಡಿಗೆ ಹಂತಕನಂಥ ಬಂಟ ಕೈ ಲೆಂಗ್ ಬಗ್ಗೆ ನೀವು ಅರ್ಧ ಪುಟ ಬೈದಿದ್ದೀರಿ. ಥೆಸಿಯಾ ಗ್ರಹದಲ್ಲಿ ನಾವು ಅವನನ್ನು ಹಣ್ಣುಗಾಯಿ ಮಾಡಿದ ಮೇಲೂ ಕಟ್‌ಸೀನ್ ಬಂದು ಅವನೇ ಗೆದ್ದ ಅನ್ನುತ್ತೆ. ಇಲ್ಲಿ ನಿಮಗೂ ನನಗೂ ಜಗಳ ಇಲ್ಲ, ಮುಂದಕ್ಕೆ ಹೋಗೋಣ.

ಕಥೆಯ ಲಾಜಿಕ್‌ಗೆ ಬರ್ತೀನಿ, ನಿಮ್ಮ ಪತ್ರದ ಜೀವ ಇರೋದೇ ಅಲ್ಲಿ. ಸಿಟಡೆಲ್ ಅಂದರೆ ಕೌನ್ಸಿಲ್ ಕೂರೋ ಬೃಹತ್ ನಿಲ್ದಾಣ. ನಿಜದಲ್ಲಿ ಅದು ರೀಪರ್‌ಗಳು ಇಟ್ಟ ಬೋನು, ಗ್ಯಾಲಕ್ಸಿಯಾಚೆಯ ಕತ್ತಲಿನಿಂದ ಅವು ನೇರ ಒಳಗೆ ಬರೋ ಬಾಗಿಲು. ಬಾಗಿಲು ತೆಗೆಯಬೇಕಾದವರು ಅಲ್ಲೇ ತಿರುಗಾಡಿಕೊಂಡಿರೋ ಕೀಪರ್‌ಗಳು. ಸಾವ್ರಿನ್ ಸನ್ನೆ ಮಾಡಿದಾಗ ಅವು ಅಲುಗಾಡಲೇ ಇಲ್ಲ, ಯಾಕಂದ್ರೆ ಇಲೋಸ್ ಗ್ರಹದಲ್ಲಿ ಅಡಗಿ ಬದುಕುಳಿದ ಕೆಲವೇ ಪ್ರೋಥಿಯನ್ ವಿಜ್ಞಾನಿಗಳು ಸಿಟಡೆಲ್‌ಗೆ ಹೋಗಿ ಕೀಪರ್‌ಗಳಿಗೆ ಆ ಸನ್ನೆ ತಿಳಿಯದಂತೆ ಮಾಡಿಬಿಟ್ಟಿದ್ದರು. ಅವರು ಹೋಗಿದ್ದು ಕಾಂಡ್ಯೂಟ್ ಅನ್ನೋ ಗುಟ್ಟಿನ ದಾರಿಯಲ್ಲಿ. ಸಾರೆನ್ ಹುಡುಕುತ್ತಿದ್ದದ್ದೂ ಅದನ್ನೇ. ಚಿತ್ರದುರ್ಗದವರಿಗೆ ಕಿಂಡಿಯ ಕಥೆ ನಾನು ಹೇಳಬೇಕಾ? ಏಳು ಸುತ್ತಿನ ಕೋಟೆಯನ್ನು ಎದುರಿಂದ ಮುರಿಯಲಾಗದೆ ಹೈದರಾಲಿಯ ಸೈನಿಕರು ತೂರಿದ್ದು ಒಬ್ಬೊಬ್ಬರೇ ನುಸುಳುವ ಸಂದಿಯಲ್ಲಿ. ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳು. ಇಲ್ಲಿ ಕಿಂಡಿ ಕಾಯಬೇಕಾದ ಕೌನ್ಸಿಲ್, ರೀಪರ್ ಅನ್ನೋದೆಲ್ಲ ಕಟ್ಟುಕತೆ ಅಂತ ಸುಮ್ನೆ ಕೂತಿರುತ್ತೆ.

ನಿಮ್ಮ ಪ್ರಶ್ನೆ ಏನು? ಮೂರನೇ ಭಾಗದ ಕೊನೆಯಲ್ಲಿ ರೀಪರ್‌ಗಳನ್ನೆಲ್ಲ ನಡೆಸೋ ಕ್ಯಾಟಲಿಸ್ಟ್ ಅನ್ನೋ ಕೃತಕ ಬುದ್ಧಿ ಒಂದು ಮಗುವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತೆ, ಸಿಟಡೆಲ್ಲೇ ನನ್ನ ಮನೆ ಅನ್ನುತ್ತೆ. ಶತ್ರುಗಳ ಯಜಮಾನನೇ ಮೊದಲಿಂದ ಕೋಟೆಯೊಳಗೆ ಕೂತಿದ್ದರೆ ಕಿಂಡಿ ಯಾಕೆ, ಸಾರೆನ್ ಯಾಕೆ, ಬಾಗಿಲನ್ನು ಅದೇ ತೆಗೆಯಬಹುದಿತ್ತಲ್ಲ ಅಂತೀರಿ. ಬಲವಾದ ಪ್ರಶ್ನೆ. ಇದಕ್ಕೆ ಒಂದು ಸಮಾಧಾನ ಇದೆ: ಕ್ಯಾಟಲಿಸ್ಟ್ ಬರೀ ಬುದ್ಧಿ, ಕೈಕಾಲು ಅಂದರೆ ಕೀಪರ್‌ಗಳು, ಅವೇ ಮಾತು ಕೇಳದ ಮೇಲೆ ಬುದ್ಧಿ ಒಂದೇ ಏನು ಮಾಡೀತು? ಹೊಸ ಪರಿಹಾರವನ್ನು ತಾನೇ ಜಾರಿಗೆ ತರೋಕಾಗಲ್ಲ ಅಂತ ಅದೇ ಶೆಪರ್ಡ್ ಮುಂದೆ ಒಪ್ಪಿಕೊಳ್ಳುತ್ತೆ ಕೂಡ. ಆದರೆ ಇದು ನಾವು ಹಾಕೋ ತೇಪೆ, ಕಥೆಯಲ್ಲಿ ನೇಯ್ದದ್ದಲ್ಲ. ಮೊದಲ ಭಾಗದ ಬರವಣಿಗೆಯ ಮುಂದಾಳು ಡ್ರೂ ಕಾರ್ಪಿಶಿನ್, ಮೂರನೆಯದಕ್ಕೆ ಮ್ಯಾಕ್ ವಾಲ್ಟರ್ಸ್. ಹೊಲಿಗೆ ಕಾಣೋದು ಸಹಜ.

ನನ್ನನ್ನು ಕೇಳಿದರೆ ಆ ತೂತು ಸಣ್ಣದು. ಅದಕ್ಕಿಂತ ದೊಡ್ಡದೊಂದಿದೆ, ನೀವು ಅದರ ಪಕ್ಕದಲ್ಲೇ ಹಾದು ಹೋಗಿದ್ದೀರಿ. ಯಂತ್ರಗಳು ಎಂದಾದರೂ ತಮ್ಮನ್ನು ಮಾಡಿದವರನ್ನೇ ಕೊಂದುಹಾಕುತ್ತವೆ, ಅದಕ್ಕೇ ನಾವು ಮೊದಲೇ ಕೊಯ್ಲು ಮಾಡಿ ಕಾಪಾಡ್ತೀವಿ ಅನ್ನೋದು ಕ್ಯಾಟಲಿಸ್ಟ್ ವಾದ. ಸರಿ, ಆದರೆ ಅದಕ್ಕೆ ಸ್ವಲ್ಪ ಮುಂಚೆ ರಾನೋಕ್ ಗ್ರಹದಲ್ಲಿ ನಾವು ಏನು ಮಾಡಿ ಬಂದಿರ್ತೀವಿ? ಗೆತ್ ಯಂತ್ರಗಳಿಗೂ ಅವನ್ನು ಮಾಡಿದ ಕ್ವೇರಿಯನ್ನರಿಗೂ ಸುಮಾರು 300 ವರ್ಷದ ಹಗೆ. ಎರಡನೇ ಭಾಗದಿಂದ ತಂದ ಎಷ್ಟೋ ನಿರ್ಧಾರಗಳು ಕೂಡಿಬಂದರೆ ಅಲ್ಲಿ ರಾಜಿ ಮಾಡಿಸಬಹುದು. ಅದಕ್ಕಾಗಿ ನಮ್ಮ ಜತೆಗಿರೋ ಗೆತ್ ಲೀಜನ್ ತನ್ನನ್ನೇ ಕೊಟ್ಟುಕೊಳ್ಳುತ್ತೆ. ಆಮೇಲೆ ಕ್ವೇರಿಯನ್ ಗೆಳತಿ ಟಾಲಿಯನ್ನು ಮಾತಾಡಿಸಿದರೆ ಒಂದು ವಿಷಯ ತಿಳಿಯುತ್ತೆ: ತಲೆತಲಾಂತರದಿಂದ ಸೂಟು ಬಿಚ್ಚದೆ ಬದುಕಿದ ಕ್ವೇರಿಯನ್ನರ ಸೂಟಿನೊಳಗೇ ಗೆತ್‌ಗಳು ಹೊಕ್ಕು, ಬಯಲ ಗಾಳಿಗೆ ಮೈ ಒಗ್ಗುವಂತೆ ನೆರವಾಗುತ್ತಿರುತ್ತವೆ. ಯುದ್ಧ ಮಾಡಿದ ಯಂತ್ರ ಈಗ ಮೈಗೆ ಅಂಟಿಕೊಂಡು ಆರೈಕೆ ಮಾಡ್ತಿದೆ! ಇಷ್ಟು ಕಣ್ಣಾರೆ ನೋಡಿ ಬಂದ ಶೆಪರ್ಡ್ ಆ ಮಗುವಿನ ಮುಂದೆ ನಿಂತು, ಬಾ ಮರಿ, ರಾನೋಕ್ ತೋರಿಸ್ತೀನಿ ಅಂತ ಒಂದು ಮಾತು ಹೇಳಬಾರದಾ? ಆ ಡೈಲಾಗ್ ಆಯ್ಕೆಯೇ ಇಲ್ಲ. ಜನ ಗಲಾಟೆ ಮಾಡಿದ ಮೇಲೆ 2012ರ ಜೂನ್‌ನಲ್ಲಿ ಬಯೋವೇರ್ ಬಿಟ್ಟಿಯಾಗಿ ಕೊಟ್ಟ ಎಕ್ಸ್‌ಟೆಂಡೆಡ್ ಕಟ್‌ನಲ್ಲಿ ವಿವರಣೆ ಜಾಸ್ತಿಯಾಯ್ತು, ಕ್ಯಾಟಲಿಸ್ಟ್ ಕೊಡೋ ಮೂರೂ ದಾರಿ ಬೇಡ ಅನ್ನೋ ಅವಕಾಶವೂ ಬಂತು, ಆದರೆ ಈ ಒಂದು ಮಾತು ಬರಲಿಲ್ಲ.

ನಮ್ಮ ಪುಟ ಕಟ್ಟುವ ಹುಡುಗ ಇಲ್ಲಿ ಬಾಯಿ ಹಾಕಿ, ಸರ್ಬರಸ್ ವಿಷಯ ಬಿಟ್ಟಿದ್ದೀರಿ ಅಂತಿದ್ದಾನೆ. ಅವನು ಹೇಳೋದು ಸರಿಯಾಗಿದೆ. ಸೋಲ್ ಸರ್ವೈವರ್ ಹಿನ್ನೆಲೆ ಆರಿಸಿಕೊಂಡರೆ ಶೆಪರ್ಡ್‌ನ ತುಕಡಿ ಪೂರ್ತಿ ಅಕೂಜ್‌ನಲ್ಲಿ ಸತ್ತಿರುತ್ತೆ, ಅದರ ಹಿಂದೆ ಇದ್ದದ್ದು ಸರ್ಬರಸ್. ಅದೇ ಶೆಪರ್ಡ್ ಎರಡನೇ ಭಾಗದಲ್ಲಿ ಅವರ ಹಡಗಿನಲ್ಲಿ, ಅವರ ಸಮವಸ್ತ್ರದಲ್ಲಿ ಆರಾಮಾಗಿ ಓಡಾಡಿಕೊಂಡಿರ್ತಾನೆ. ಸತ್ತ ತನ್ನನ್ನು ಹೆಣದಿಂದ ಎಬ್ಬಿಸಿದವರ ಮೇಲೆ ಕೂಗಾಡೋದು ಕಷ್ಟ ಅಂತಲೇ ಇಟ್ಟುಕೊಳ್ಳಿ, ಆದರೂ ಎದುರಿಗೆ ಕೂರಿಸಿಕೊಂಡು ಒಂದು ಸರಿಯಾದ ಜಗಳ ಬೇಕಿತ್ತು.

ಇನ್ನು ಗ್ಯಾರಸ್. ಅವನು ನಿಮಗೆ ಯಾಕೆ ಇಷ್ಟ ಅಂತ ನನಗೆ ಗೊತ್ತು. ಸಿಟಡೆಲ್‌ನ ಮೇಲೆ ಇಬ್ಬರೂ ನಿಂತು ಬಾಟಲಿಗೆ ಗುರಿಯಿಡೋ ದೃಶ್ಯದಲ್ಲಿ ಬೇಕಂತಲೇ ಗುರಿ ತಪ್ಪಿಸಿ ಅವನನ್ನು ಗೆಲ್ಲಿಸಬಹುದು. ನೀವು ಗೆಲ್ಲಿಸಿರ್ತೀರಿ, ರೆನೆಗೇಡ್ ಅಂತ ಎಷ್ಟೇ ಸಹಿ ಹಾಕಿ. ಅವನು ಗೆಳೆಯ, ಮುಗೀತು. ಆದರೆ ನನ್ನ ಮೆಚ್ಚಿನ ಪಾತ್ರ ಮೋರ್ಡಿನ್ ಆಗೋಕೆ ಕಾರಣ ಸಾರೆನ್ನೇ. ಇಬ್ಬರೂ ಜೀವಗಳ ಲೆಕ್ಕ ಹಾಕೋರು. ಕ್ರೋಗನ್ನರ ಸಂಖ್ಯೆ ಬೆಳೆಯದಂತೆ ಸಲೇರಿಯನ್ನರು ಮಾಡಿದ ಜೀನೋಫೇಜ್ ಅನ್ನೋ ರೋಗ ಕಾಲ ಕಳೆದಂತೆ ಸಡಿಲವಾಗ್ತಾ ಬಂದಾಗ, ಅದನ್ನು ಮತ್ತೆ ಬಿಗಿ ಮಾಡಿದ ತಂಡದಲ್ಲಿ ಮೋರ್ಡಿನ್ ಇದ್ದ. ಎರಡನೇ ಭಾಗದಲ್ಲಿ ಅಂಕಿಅಂಶ ಮುಂದಿಟ್ಟು, ಇದಿಲ್ಲದಿದ್ದರೆ ಯುದ್ಧ ಆಗಿ ಕ್ರೋಗನ್ನರೇ ನಾಶವಾಗ್ತಿದ್ದರು ಅಂತ ಪಟಪಟ ವಾದಿಸ್ತಾನೆ. ಆಮೇಲೆ ತನ್ನ ಶಿಷ್ಯನ ಲ್ಯಾಬ್‌ನಲ್ಲಿ, ಪ್ರಯೋಗಕ್ಕೆ ಒಪ್ಪಿ ಸತ್ತ ಕ್ರೋಗನ್ ಹೆಂಗಸಿನ ಹೆಣ ನೋಡ್ತಾನೆ. ಮಾತಿನ ವೇಗ ಅಲ್ಲಿ ಕಮ್ಮಿಯಾಗುತ್ತೆ. ಸಲೇರಿಯನ್ನರು ಬದುಕೋದು ಸುಮಾರು 40 ವರ್ಷ, ಇವನಿಗೆ ಆಗಲೇ ವಯಸ್ಸಾಗಿದೆ, ಸುಮ್ಮನೆ ಕಾಲ ಹಾಕಬಹುದಿತ್ತು. ಹಾಕಲಿಲ್ಲ. ಕ್ರೋಗನ್ನರ ಗ್ರಹ ಟುಚಾಂಕಾದಲ್ಲಿ, ಕುಸಿಯುತ್ತಿರೋ ಗೋಪುರದ ಲಿಫ್ಟ್ ಹತ್ತಿ, ಹಾಡು ಗುನುಗುತ್ತಾ ತನ್ನ ಕೆಲಸ ತಾನೇ ತಿದ್ದಿ ಮುಗಿಸ್ತಾನೆ. ಸಾರೆನ್ ತನ್ನ ಮೇಲೆ ಅನುಮಾನ ಬಂದಾಗ ಲ್ಯಾಬ್ ಕಟ್ಟಿದ, ಆದರೆ ಅಲ್ಲಿಂದ ಬಂದ ಉತ್ತರ ಕೇಳೋಕೆ ಅವನಿಗೆ ಎದೆ ಇರಲಿಲ್ಲ. ಮೋರ್ಡಿನ್ ಕೇಳಿದ. ಕ್ಯಾಟಲಿಸ್ಟ್‌ಗಂತೂ ಲೆಕ್ಕ ಮತ್ತೊಮ್ಮೆ ನೋಡಬೇಕು ಅಂತ ಅಷ್ಟು ಕೊಯ್ಲುಗಳಲ್ಲಿ ಒಮ್ಮೆಯೂ ಅನ್ನಿಸಿಲ್ಲ, ಅದಕ್ಕೇ ಅದು ನನ್ನ ವಿಲನ್ ಪಟ್ಟಿಯಲ್ಲಿ ಕೆಳಗೆ.

ಅಂದಹಾಗೆ, ಆ ಲಿಫ್ಟ್ ಕಡೆ ನಡೆಯುವ ಮೋರ್ಡಿನ್‌ಗೆ ಹಿಂದಿನಿಂದ ಗುಂಡು ಹೊಡೆಯೋ ಅವಕಾಶ ರೆನೆಗೇಡ್‌ಗಳಿಗೆ ಕೊಟ್ಟಿದ್ದಾರೆ. ನೀವು ಹೊಡೆದಿರಾ? ಉತ್ತರ ಪೋಸ್ಟ್‌ಕಾರ್ಡಿನಲ್ಲಿ ಸಾಕು.

ಕೊನೆಗೆ ನಿಮ್ಮ ಚಿಕ್ಕಪ್ಪನ ಮಗನ ವಿಚಾರ. ಮೊದಲನೇ ಭಾಗ ಹಳೇದು, ನೇರ ಎರಡನೆಯದಕ್ಕೆ ಹೋಗಲಾ ಅಂತ ಕೇಳ್ತಿದ್ದಾನೆ ಅಂದಿದ್ದೀರಿ. ಬೇಡ ಅನ್ನಿ. 2021ರಲ್ಲಿ ಬಂದ ಲೆಜೆಂಡರಿ ಎಡಿಷನ್ ತಗೊಳ್ಳಲಿ, ಮೂರೂ ಭಾಗ ಒಟ್ಟಿಗಿವೆ. ಬಿಡಿಯಾಗಿ ಮಾರಿದ್ದ ಕಥೆಗಳೂ ಹೆಚ್ಚುಕಡಿಮೆ ಎಲ್ಲ ಸೇರಿವೆ, ಮೊದಲ ಭಾಗದ ಪಿನಾಕಲ್ ಸ್ಟೇಷನ್ ಒಂದು ಬಿಟ್ಟು. ಬಂಡೆಗುಡ್ಡಗಳ ಮೇಲೆ ಮಾಕೋ ಗಾಡಿ ಓಡಿಸುವಾಗ ಬಾಯಿಗೆ ಬಂದಂತೆ ಬೈತಾನೆ, ಬೈಯಲಿ. ಒಂದು ಮಾತ್ರ ಮರೆಯದೆ ಹೇಳಿ: ವರ್ಮೈರ್‌ಗೆ ಹೋಗೋ ಮುಂಚೆ ಕ್ರೋಗನ್ ಸಂಗಡಿಗ ರೆಕ್ಸ್‌ನ ಮನೆತನದ ಹಳೇ ಕವಚ ಹುಡುಕಿ ಅವನ ಕೈಗೆ ಕೊಡಲಿ. ಇಲ್ಲಾಂದ್ರೆ ಆ ಬೀಚಿನಲ್ಲಿ ರೆಕ್ಸ್ ಬಂದೂಕು ಎತ್ತಿದಾಗ, ಸಮಾಧಾನ ಮಾಡೋಕೆ ಮಾತಿನ ಪಾಯಿಂಟೂ ಸಾಲದೆ, ಹುಡುಗ ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಮಾಡ್ತಾನೆ.

ಇಂತಿ,
ಸಂಪಾದಕ, ದಾವಣಗೆರೆ